ಕಲ್ಲಿಗೆ ಹೊಳಪು ಬರುತ್ತಿಲ್ಲವೇ? ಉಪಕರಣ ಕೊಳ್ಳುವ ಮೊದಲು ದೋಷ ಹುಡುಕಿ

ಮನೆಯಲ್ಲಿ ಹರಳುಕಲ್ಲಿಗೆ ಸಾಣೆ ಹಿಡಿಯುವವರ ದೂರು ಹೆಚ್ಚುಕಡಿಮೆ ಒಂದೇ. ಕಲ್ಲು ಒದ್ದೆ ಇದ್ದಾಗ ಚೆಂದ ಹೊಳೆಯುತ್ತದೆ. ಒಣಗಿತೋ, ಮಂಕು. ಆಗ ಎಲ್ಲರೂ ಮೊದಲು ಹೊಸ ಪಾಲಿಷ್ ಪುಡಿ ತರಿಸುತ್ತಾರೆ. ಅದರಿಂದಲೂ ಆಗದಿದ್ದರೆ ಹೊಸ ಮೋಟರ್. ದುಡ್ಡು ಹೋಗುತ್ತದೆ, ಮಂಕು ಹಾಗೇ ಇರುತ್ತದೆ.

ಸಾಣೆ ಅಂದರೆ ಒರಟು ಪುಡಿಯಿಂದ ಶುರುಮಾಡಿ ಹಂತಹಂತವಾಗಿ ನುಣ್ಣನೆಯ ಪುಡಿಗೆ ಇಳಿಯುವುದು. ಕೊನೆಯ ಹಂತದಲ್ಲಿ ಕಣ್ಣಿಗೆ ಬೀಳುವ ದೋಷ ಬಹುಪಾಲು ಎರಡು ಹಂತ ಹಿಂದೆಯೇ ಆಗಿರುತ್ತದೆ. ಯಾವ ಹಂತದಲ್ಲಿ ಆಯಿತು ಅಂತ ಗೊತ್ತಾದರೆ ಯಾವ ಉಪಕರಣ ಬೇಕು ಅನ್ನುವುದೂ ತಾನಾಗಿ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಉಪಕರಣಗಳನ್ನು ದೋಷದ ಕಡೆಯಿಂದ ನೋಡುತ್ತಾ ಹೋಗೋಣ.

ಮೊದಲ ಅನುಮಾನ ಕಲ್ಲಿನ ಮೇಲೆ

ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ವಿಜಯಪುರ ಜಿಲ್ಲೆ ಮತ್ತು ಬೆಳಗಾವಿಯ ಬಹಳಷ್ಟು ಭಾಗ ದಖ್ಖನ್ ಲಾವಾದ ಕಪ್ಪು ಬಸಾಲ್ಟ್ ಮೇಲೆ ಕೂತಿವೆ. ಸುಮಾರು 6.6 ಕೋಟಿ ವರ್ಷ ಹಿಂದೆ ಆ ಲಾವಾ ತಣ್ಣಗಾಗುವಾಗ ಒಳಗೆ ಗಾಳಿಗುಳ್ಳೆಗಳು ಉಳಿದವು. ಆಮೇಲೆ ಆ ಗುಳ್ಳೆಗಳಲ್ಲಿ ಸಿಲಿಕಾ ತುಂಬಿ ಅಗೇಟ್, ಕ್ಯಾಲ್ಸೆಡನಿ, ಬೆಣಚುಕಲ್ಲಿನ ಹರಳು ಆದವು. ಕೃಷ್ಣಾ, ಭೀಮಾ ನದಿಗಳ ಹರಳುಗಲ್ಲಿನ ರಾಶಿಯಲ್ಲಿ ಸಿಗುವುದು ಇವೇ. ಬಾಗಲಕೋಟೆ ಕಡೆ ಬಂದರೆ ನೆಲವೇ ಬೇರೆ. ಇಲ್ಲಿನ ಹಳೆಯ ಶಿಲೆಗಳಿಗೆ ಕಲಾದಗಿಯ ಹೆಸರಿದೆ. ಕ್ವಾರ್ಟ್ಜೈಟ್, ಚರ್ಟ್, ಕೆಂಪು ಜಾಸ್ಪರ್, ಇವುಗಳ ಜೊತೆಗೇ ಸುಣ್ಣದಕಲ್ಲು.

ಗೊಂದಲ ಶುರುವಾಗುವುದು ಈ ಸುಣ್ಣದಕಲ್ಲಿನಿಂದ. ಬಾಗಲಕೋಟೆಯ ಗುಲಾಬಿ ಸುಣ್ಣದಕಲ್ಲು ನೋಡಲು ಎಷ್ಟು ಚೆಂದ ಅಂದರೆ, ಜಾಸ್ಪರ್ ಅಂತಲೇ ತಿಳಿದು ಮನೆಗೆ ತರುವವರಿದ್ದಾರೆ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಜಾಸ್ಪರ್, ಅಗೇಟ್‌ಗಳ ಗಡಸುತನ 6.5ರಿಂದ 7. ಸುಣ್ಣದಕಲ್ಲಿನ ಕ್ಯಾಲ್ಸೈಟ್‌ಗೆ ಬರೀ 3. ಎರಡನ್ನೂ ಒಂದೇ ಟಂಬ್ಲರ್ ಡ್ರಮ್ಮಿಗೆ (ಕಲ್ಲು, ಪುಡಿ, ನೀರು ತುಂಬಿ ಮೋಟರ್‌ನಿಂದ ತಿರುಗಿಸುವ ಪೀಪಾಯಿ) ಹಾಕಿದರೆ ಮೆತ್ತನೆಯದು ಸವೆದು ಕೆಸರಾಗುತ್ತದೆ. ಒಂದೇ ಪುಡಿಯಿಂದ ಉಜ್ಜಿದರೆ ಒಂದು ಹೊಳೆಯುತ್ತದೆ, ಇನ್ನೊಂದು ಹೊಳೆಯುವುದಿಲ್ಲ. ತಪ್ಪು ಪುಡಿಯದಲ್ಲ.

ಪರೀಕ್ಷೆ ಸುಲಭ. ಅಡುಗೆಮನೆಯ ಹಳೇ ಚಾಕುವಿನ ತುದಿಯಿಂದ ಕಲ್ಲಿನ ಹಿಂಬದಿಯಲ್ಲಿ ಗೀರಿ. ಚಾಕುವಿನ ಉಕ್ಕು ಸುಮಾರು 5.5. ಕಲ್ಲು ಸವೆದು ಬಿಳಿ ಪುಡಿ ಬಂದರೆ ಅದು ಮೆತ್ತನೆಯ ಕಲ್ಲು. ಆ ಪುಡಿಯ ಮೇಲೇ ಒಂದು ಹನಿ ನಿಂಬೆರಸ ಬಿಡಿ, ಸಣ್ಣಗೆ ನೊರೆ ಎದ್ದರೆ ಸುಣ್ಣದ ಜಾತಿ. ಕಲ್ಲಿನ ಮೇಲೆ ಬೂದು ಬಣ್ಣದ ಲೋಹದ ಗೆರೆ ಉಳಿದರೆ ಸವೆದದ್ದು ಚಾಕು, ಅಂದರೆ ಕಲ್ಲು ಗಟ್ಟಿ. ಬಸಾಲ್ಟಿನೊಳಗಿನ ಬಿಳಿ ಸೂಜಿಗಳಂಥ ಜಿಯೋಲೈಟ್ 3.5ರಿಂದ 5.5ರಷ್ಟೇ ಗಟ್ಟಿ, ಉಜ್ಜಿದರೆ ಪದರಪದರವಾಗಿ ಸೀಳುತ್ತದೆ. ಅದನ್ನು ಹಾಗೇ ಕಪಾಟಿನಲ್ಲಿಡಿ, ಸಾಣೆ ಬೇಡ. ಬಾದಾಮಿಯ ಮರಳುಗಲ್ಲಿಗೂ ಸಾಣೆಯ ಆಸೆ ಬೇಡ. ಒಂದೊಂದೇ ಮರಳಿನ ಕಣ ಕಿತ್ತುಬರುತ್ತದೆ, ಮೇಲ್ಮೈ ಯಾವತ್ತೂ ತುಂಬಿಕೊಳ್ಳುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ ಶಿಲಾಯುಗದ ಜನ ಕ್ವಾರ್ಟ್ಜೈಟಿನಿಂದ ಮಾಡಿದ ಕಲ್ಲಿನ ಆಯುಧಗಳು ಸಿಕ್ಕಿವೆ. ಎರಡೂ ಕಡೆಯಿಂದ ಚಕ್ಕೆ ಎಬ್ಬಿಸಿ ಅಂಚು ಮಾಡಿದ ಕಲ್ಲು ಕಂಡರೆ ಅದನ್ನು ಅಲ್ಲೇ ಬಿಡಿ. ಅದಕ್ಕೆ ಸಾಣೆ ಹಿಡಿದರೆ ಲಕ್ಷಾಂತರ ವರ್ಷ ಉಳಿದುಬಂದ ಕೈಕೆಲಸ ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತದೆ. ಐಹೊಳೆ, ಪಟ್ಟದಕಲ್ಲಿನಂಥ ಸಂರಕ್ಷಿತ ಜಾಗಗಳಿಂದಂತೂ ಒಂದು ಚೂರೂ ತರಬಾರದು.

ಒಣಗಿಸಿ, ಓರೆ ಬೆಳಕಿನಲ್ಲಿ ನೋಡಿ

ದೋಷ ಹುಡುಕಲು ದುಬಾರಿ ಯಂತ್ರ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ನನ್ನನ್ನು ಕೇಳಿದರೆ ಮೊದಲು ಕೊಳ್ಳಬೇಕಾದ ಉಪಕರಣ ಇದೇ. ಮೋಟರ್‌ಗಿಂತ ಮೊದಲು, ಪುಡಿಗಿಂತ ಮೊದಲು.

ಕಲ್ಲನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ನೀರು ಸಣ್ಣ ಗೀರುಗಳೊಳಗೆ ತುಂಬಿಕೊಂಡು ಮೇಲ್ಮೈ ನುಣುಪಾಗಿ ಕಾಣುವ ಹಾಗೆ ಮಾಡುತ್ತದೆ, ಒದ್ದೆ ಕಲ್ಲು ಹೊಳೆಯುವುದು ಇದರಿಂದಲೇ. ಒದ್ದೆ ಇದ್ದಾಗ ನೋಡಿ ಮುಂದಿನ ಹಂತಕ್ಕೆ ಹೋದವರೇ ಜಾಸ್ತಿ ತೊಂದರೆ ಪಡುವುದು. ಒಣಗಿದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನಿಧಾನ ತಿರುಗಿಸಿ. ಟ್ಯೂಬಿನ ಪ್ರತಿಬಿಂಬವನ್ನೇ ಗಮನಿಸಿ. ಅದು ನೇರ ಗೆರೆಯಾಗಿ ಕಂಡರೆ ಮೇಲ್ಮೈ ಸರಿಯಿದೆ. ಗೆರೆ ಅಲ್ಲಲ್ಲಿ ಬಳುಕಿದರೆ ಮೇಲ್ಮೈ ಏರುಪೇರು. ಗೆರೆ ನೇರವಿದ್ದು ಅಂಚು ಮಸುಕಾಗಿದ್ದರೆ ಆಕಾರ ಸರಿ, ನುಣುಪು ಸಾಲದು. ಇನ್ನು ಗೆರೆಯೊಳಗೆ ಕೂದಲಿನಂಥ ಗೀರು ಕಂಡರೆ ಅದು ಬೇರೆಯದೇ ರೋಗ. ಮೂರಕ್ಕೂ ಮದ್ದು ಬೇರೆಬೇರೆ.

ಗೀರು ಹೋಗುತ್ತಿಲ್ಲ

ಇದೇ ಅತಿ ಹೆಚ್ಚು ಕಾಣುವ ದೋಷ. ಇದಕ್ಕೆ ಕಾರಣ ಎರಡು. ಒಂದೋ ಹಿಂದಿನ ಹಂತದ ಕೆಲಸ ಪೂರ್ತಿ ಆಗಿಲ್ಲ, ಇಲ್ಲವೇ ಒರಟು ಪುಡಿಯ ಒಂದು ಕಣ ಮುಂದಿನ ಹಂತಕ್ಕೆ ನುಸುಳಿದೆ.

ಗೀರನ್ನು ನೋಡಿಯೇ ಯಾವುದು ಅಂತ ಹೇಳಬಹುದು. ಒಂದೇ ದಿಕ್ಕಿಗೆ ಒತ್ತೊತ್ತಾಗಿ, ಹೆಚ್ಚುಕಡಿಮೆ ಒಂದೇ ಆಳದ ಗೀರುಗಳಿದ್ದರೆ ಕೆಲಸ ಅರ್ಧಕ್ಕೆ ನಿಂತಿದೆ. ನುಣುಪಾದ ಮೇಲ್ಮೈ ಮೇಲೆ ಒಂದೋ ಎರಡೋ ಆಳದ ಗೀರು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗಿದ್ದರೆ ಅದು ನುಸುಳಿದ ಕಣದ ಕೆಲಸ.

ಅರ್ಧಕ್ಕೆ ನಿಂತ ಕೆಲಸಕ್ಕೆ ಎರಡು ಉಪಾಯಗಳಿವೆ. ಪ್ರತಿ ಹಂತದಲ್ಲೂ ಉಜ್ಜುವ ದಿಕ್ಕು ಬದಲಿಸಿ. 220 ನಂಬರಿನ ಪುಡಿ ಅಥವಾ ಕಾಗದದಲ್ಲಿ ಉದ್ದಕ್ಕೆ ಉಜ್ಜಿದರೆ 400ರಲ್ಲಿ ಅಡ್ಡಕ್ಕೆ ಉಜ್ಜಿ (ನಂಬರ್ ಹೆಚ್ಚಿದಷ್ಟೂ ಕಣ ಸಣ್ಣದು). ಉದ್ದದ ಗೆರೆ ಒಂದೂ ಕಾಣದಾದಾಗ 400 ಮುಗಿಯಿತು ಅಂತ ಅರ್ಥ. ಎರಡನೆಯದು ಅಲ್ಯೂಮಿನಿಯಂ ತಂತಿ. ವೈರಿಂಗ್ ಕೆಲಸದಲ್ಲಿ ಉಳಿದ ತುಂಡಿದ್ದರೂ ಆಯಿತು. ಅದರಿಂದ ಕಲ್ಲಿನ ಮೇಲೆಲ್ಲ ಗೆರೆ ಎಳೆಯಿರಿ. ಪೆನ್ಸಿಲ್ ಗೆರೆ ನೀರಿಗೆ ತೊಳೆದುಹೋಗುತ್ತದೆ, ಅಲ್ಯೂಮಿನಿಯಂ ಗೆರೆ ಹೋಗುವುದಿಲ್ಲ. ಉಜ್ಜಿದ ಮೇಲೂ ಎಲ್ಲಿ ಗೆರೆ ಉಳಿಯಿತೋ ಅಲ್ಲಿಗೆ ಸಾಣೆ ತಾಗೇ ಇಲ್ಲ. ಸುಮ್ನೆ ಗಂಟೆ ಲೆಕ್ಕ ಹಾಕುತ್ತಾ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಕಾಗದದ ನಂಬರ್ ಕೂಡ ಮೋಸ ಮಾಡುತ್ತದೆ. ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ ತಿರುಗಿಸಿ ನೋಡಿ. ನಂಬರಿನ ಹಿಂದೆ ‘ಪಿ’ ಅಕ್ಷರ ಇದೆಯೋ ಇಲ್ಲವೋ? ಪಿ 1200 ಕಾಗದದ ಕಣ ಸುಮಾರು 15 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅಮೆರಿಕದ ಹಳೆಯ ಅಳತೆಯ 600ರ ಕಣ ಸುಮಾರು 16 ಮೈಕ್ರಾನ್. ಅಂದರೆ ಎರಡೂ ಒಂದೇ! ಪಿ ಇಲ್ಲದ 600 ಮುಗಿಸಿ ಪಿ 1200 ಹಿಡಿದವರು ಒಂದು ಹಂತ ಮುಂದೆ ಹೋಗಿದ್ದೇವೆ ಅಂದುಕೊಳ್ಳುತ್ತಾರೆ, ಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. ಮೈಕ್ರಾನ್ ಎಷ್ಟು ಅಂತ ಬರೆದಿರುವ ಮಾಲು ಸಿಕ್ಕರೆ ಅದನ್ನೇ ಕೊಳ್ಳಿ. ಒಂದು ಹಂತದಿಂದ ಇನ್ನೊಂದಕ್ಕೆ ಕಣದ ಗಾತ್ರ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿದರೆ ಸಾಕು. ಅದಕ್ಕಿಂತ ದೊಡ್ಡ ಜಿಗಿತ ಹೊಡೆದರೆ ಗೀರು ಉಳಿಯುತ್ತದೆ.

ನುಸುಳಿದ ಕಣಕ್ಕೆ ಮದ್ದು ಶುಚಿತ್ವ ಒಂದೇ. ಪ್ರತಿ ಹಂತಕ್ಕೆ ಬೇರೆ ಬಕೆಟ್, ಬೇರೆ ಬ್ರಷ್, ಬೇರೆ ಬಟ್ಟೆ ಇಡಿ. ಉಗುರಿನ ಸಂದಿಯನ್ನೂ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ, 80ರ ಕಣ ಅಡಗಿ ಕೂರುವುದು ಅಲ್ಲೇ. ಹೊಳಪಿನ ಫೆಲ್ಟ್‌ಗೆ (ಪಾಲಿಷ್ ಪುಡಿ ಹಚ್ಚಿ ಕಲ್ಲು ಉಜ್ಜುವ, ಒತ್ತಿ ಮಾಡಿದ ಉಣ್ಣೆಯ ದಪ್ಪ ಬಟ್ಟೆ) ಒಮ್ಮೆ ಒರಟು ಕಣ ಸೇರಿತು ಅಂದರೆ ತೊಳೆದು ಉಳಿಸುವ ಆಸೆ ಬಿಡಿ, ಹೊಸದು ಹಾಕಿ. ಫೆಲ್ಟ್‌ಗಳನ್ನು ಒಂದೊಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಹಂತದ ನಂಬರ್ ಬರೆದಿಡಬೇಕು. ಇದಕ್ಕೆ ಖರ್ಚೇ ಇಲ್ಲ, ಆದರೆ ಇದನ್ನು ಬಿಟ್ಟರೆ ಎಷ್ಟು ದುಬಾರಿ ಉಪಕರಣ ತಂದರೂ ನಡೆಯದು.

ಗೀರಿಲ್ಲ, ಆದರೂ ಮಂಕು

ಭೂತಗನ್ನಡಿಯಲ್ಲಿ ಗೀರು ಕಾಣದು, ಪ್ರತಿಬಿಂಬ ಮಾತ್ರ ಮಸುಕು. ಈಗ ಪುಡಿಯ ಮೇಲೆ ಅನುಮಾನ ಪಡಬಹುದು.

ಅಗೇಟ್, ಜಾಸ್ಪರ್, ಬೆಣಚುಕಲ್ಲು, ಅಂದರೆ ಸಿಲಿಕಾ ಕುಟುಂಬದ ಕಲ್ಲುಗಳಿಗೆಲ್ಲ ಸೀರಿಯಂ ಆಕ್ಸೈಡ್ ಒಳ್ಳೆಯ ಪುಡಿ. ಗಾಜು, ಕಾರಿನ ಮುಂದಿನ ಗಾಜು ಪಾಲಿಷ್ ಮಾಡುವವರೂ ಇದನ್ನೇ ಬಳಸುತ್ತಾರೆ, ಆದ್ದರಿಂದ ಗಾಜಿನ ಕೆಲಸದವರ ಹತ್ತಿರ ವಿಚಾರಿಸಿ. ಇದು ಬರೀ ಉಜ್ಜಿ ಸವೆಸುವುದಿಲ್ಲ. ನೀರಿನ ಜೊತೆ ಸೇರಿ ಸಿಲಿಕಾದ ಮೇಲ್ಪದರವನ್ನು ರಾಸಾಯನಿಕವಾಗಿಯೂ ಸಡಿಲ ಮಾಡಿ ತೆಗೆಯುತ್ತದೆ. ಸಿಲಿಕಾ ಅಲ್ಲದ ಕಲ್ಲಿಗೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ವಜ್ರದ ಪೇಸ್ಟ್ ಒಳ್ಳೆಯದು. ಪತ್ತಾರರು ಚಿನ್ನಬೆಳ್ಳಿಗೆ ಹಚ್ಚುವ ಕೆಂಪು ರೂಜ್ ಲೋಹಕ್ಕೆ ತಕ್ಕದ್ದು. ಅಗೇಟ್‌ಗೆ ಹಚ್ಚಿದರೆ ಸಣ್ಣ ಬಿರುಕುಗಳಲ್ಲಿ ಕೆಂಪು ಕಲೆ ಕೂರುತ್ತದೆ. ಅದರ ಜಿಡ್ಡು ಫೆಲ್ಟ್ ಅನ್ನೂ ಹಾಳುಮಾಡುತ್ತದೆ.

ಪುಡಿ ಸರಿಯಿದ್ದೂ ಮಂಕಾಗಿದ್ದರೆ ಫೆಲ್ಟ್‌ನ ಒದ್ದೆ ನೋಡಿ. ಹೊಸಬರು ಪುಡಿಯನ್ನು ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ ಸುರಿಯುತ್ತಾರೆ. ಕಲ್ಲು ಅದರ ಮೇಲೆ ಜಾರುತ್ತಲೇ ಇರುತ್ತದೆ, ಕೆಲಸ ಆಗುವುದಿಲ್ಲ. ಫೆಲ್ಟ್ ಹಸಿಯಾಗಿರಬೇಕು, ತೊಟ್ಟಿಕ್ಕಬಾರದು. ಸರಿಯಾದ ಹದಕ್ಕೆ ಬಂದಾಗ ಕಲ್ಲನ್ನು ಯಾರೋ ಹಿಡಿದೆಳೆದ ಹಾಗೆ ಕೈಗೆ ಗೊತ್ತಾಗುತ್ತದೆ. ಹೊಳಪು ಬರುವುದು ಆ ಹಿಡಿತದಲ್ಲೇ. ಆದರೆ ಅಲ್ಲೇ ಬಿಸಿಯೂ ಏರುತ್ತದೆ. ಒಂದೆರಡು ಕ್ಷಣಕ್ಕೊಮ್ಮೆ ಎತ್ತಿ, ಬೆರಳಿಗೆ ಮುಟ್ಟಿಸಿ ನೋಡಿ, ಮತ್ತೆ ಇಡಿ. ಬಿಸಿ ಕಲ್ಲನ್ನು ತಣ್ಣೀರಿಗೆ ಹಾಕಬೇಡಿ, ಅಗೇಟ್ ಒಳಗಿಂದಲೇ ಬಿರುಕು ಬಿಡಬಹುದು.

ಇಷ್ಟೆಲ್ಲ ಮಾಡಿದರೂ ಮಂಕು ಉಳಿದರೆ ಪುಡಿ ಬದಲಿಸುವ ಮೊದಲು 600ಕ್ಕೆ ವಾಪಸ್ ಹೋಗಿ. ಕಣ್ಣಿಗೆ ಬಿಡಿಯಾಗಿ ಕಾಣದ ಸಣ್ಣ ಗೀರುಗಳ ರಾಶಿಯೂ ಮಂಕಾಗಿಯೇ ಕಾಣುತ್ತದೆ.

ಗುಳಿ, ಅಲೆ, ಚಪ್ಪಟೆ ಮುಖ

ಜಾಸ್ಪರ್‌ನಲ್ಲಿ ಗಟ್ಟಿ ಭಾಗ, ಮೆತ್ತನೆ ಭಾಗ ಒಂದರ ಪಕ್ಕ ಒಂದಿರುತ್ತವೆ. ಮೆತ್ತನೆ ಫೆಲ್ಟ್ ಮೇಲೆ ಬಹಳ ಹೊತ್ತು ಉಜ್ಜಿದರೆ ಮೆತ್ತನೆ ಭಾಗ ಮೊದಲು ಸವೆಯುತ್ತದೆ. ಮೇಲ್ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಇದಕ್ಕೆ ಇನ್ನಷ್ಟು ಹೊತ್ತು ಉಜ್ಜುವುದು ಮದ್ದಲ್ಲ, ಅದೇ ರೋಗ. ಬೇಕಾಗಿರುವುದು ಗಟ್ಟಿ ತಳ. ಮರದ ತಟ್ಟೆ ಅಥವಾ ಗಟ್ಟಿ ಚರ್ಮದ ಮೇಲೆ ವಜ್ರದ ಪೇಸ್ಟ್ ಹಚ್ಚಿ, 14 ಮೈಕ್ರಾನ್‌ನಿಂದ ಶುರುಮಾಡಿ 6, 3, 1 ಹೀಗೆ ಇಳಿಯಿರಿ. ವಜ್ರ ಗಟ್ಟಿ ಮೆತ್ತಗೆ ಅಂತ ನೋಡದೆ ಎಲ್ಲವನ್ನೂ ಸಮವಾಗಿ ಕೊಯ್ಯುತ್ತದೆ. ಪೇಸ್ಟ್ ದುಬಾರಿ ಅನಿಸುತ್ತದೆ, ಆದರೆ ಒಂದು ಕಲ್ಲಿಗೆ ಬೇಕಾಗುವುದು ಸಾಸಿವೆ ಕಾಳಿನಷ್ಟು. ಪ್ರತಿ ಮೈಕ್ರಾನ್‌ಗೂ ಬೇರೆ ತಟ್ಟೆ ಇರಲಿ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ಅನುಕೂಲ ಇದೆ. ಇಳಕಲ್ ಅಂದರೆ ಸೀರೆ ಮಾತ್ರ ಅಲ್ಲ, ಕೆಂಪು ಗ್ರಾನೈಟ್ ಕೂಡ. ಗ್ರಾನೈಟ್ ಪಾಲಿಷ್‌ಗೆ ಬಳಸುವ 4 ಇಂಚಿನ ವಜ್ರದ ಪ್ಯಾಡ್‌ಗಳು ಸಾಮಾನ್ಯವಾಗಿ 50, 100, 200, 400, 800, 1500, 3000 ಮತ್ತು ಕೊನೆಗೆ ಬಫ್ ಅಂತ ಸೆಟ್ ಆಗಿ ಬರುತ್ತವೆ. ಇವನ್ನು ಕೈಯಲ್ಲೇ ಹಿಡಿದು, ನೀರು ಬಿಟ್ಟುಕೊಂಡು ಕಲ್ಲು ಉಜ್ಜಬಹುದು. ಮೋಟರ್ ಇಲ್ಲದವರಿಗೆ ನಾನು ಹೇಳುವ ಸೆಟ್ ಇದೇ: ಈ ಪ್ಯಾಡ್‌ಗಳು, ಒಂದು ಚರ್ಮದ ತುಂಡು, ಸ್ವಲ್ಪ ಸೀರಿಯಂ. ಪ್ಯಾಡಿನ ನಂಬರ್ ಒಂದೊಂದು ತಯಾರಕರದ್ದು ಒಂದೊಂದು ಥರ ಇರುತ್ತದೆ. ಹಾಗಾಗಿ ಬೇರೆಬೇರೆ ಸೆಟ್‌ನಿಂದ ಆರಿಸಿ ಕಲಬೆರಕೆ ಮಾಡಬೇಡಿ. ಕೈಯಲ್ಲಿ ಅಗೇಟ್ ಉಜ್ಜಲು ತಾಳ್ಮೆ ಬೇಕು, ಒಂದು ಮುಖಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ.

ಗುಂಡಗೆ ಮಾಡುತ್ತಿದ್ದ ಕಲ್ಲಿನ ಮೇಲೆ ಚಪ್ಪಟೆ ಮುಖಗಳು ಎದ್ದರೆ ಕೈ ನಿಂತಲ್ಲೇ ನಿಂತಿದೆ ಅಂತ ಅರ್ಥ. ಕಲ್ಲನ್ನು ಸದಾ ಹೊರಳಿಸುತ್ತಿರಬೇಕು. ಅಂಚು ಚಕ್ಕೆ ಏಳುತ್ತಿದ್ದರೆ ಶುರುವಿನಲ್ಲೇ ತಳದ ಅಂಚನ್ನು ಸಣ್ಣಗೆ ಓರೆ ಮಾಡಿಬಿಡಿ. ಗುಳಿಗಳು ಎರಡು ಥರ. ಕಲ್ಲಿನ ಹುಟ್ಟುಗುಳಿ ಆಳಕ್ಕೆ ಹೋದಷ್ಟೂ ಮತ್ತೆ ಸಿಗುತ್ತಲೇ ಇರುತ್ತದೆ, ಅದರ ಜೊತೆ ಹೋರಾಡಬೇಡಿ. 80ರ ಕಣ ಕಿತ್ತ ಗುಳಿಯಾದರೆ 220ರಲ್ಲಿ ಇನ್ನಷ್ಟು ಹೊತ್ತು ಇದ್ದರೆ ಹೋಗುತ್ತದೆ.

ಮೋಟರ್ ಮತ್ತು ವೇಗ

ಬೆಂಚ್ ಗ್ರೈಂಡರ್ ಮನೆಯಲ್ಲಿದೆ, ಅದರಲ್ಲೇ ಆಗುತ್ತದಲ್ವಾ ಅಂತ ಕೇಳುತ್ತಾರೆ. ಅದರ ಮೋಟರ್ ನಿಮಿಷಕ್ಕೆ ಸುಮಾರು 2,850 ಸುತ್ತು ತಿರುಗುತ್ತದೆ. ಅದರ ಬೂದು ಚಕ್ರ ಉಕ್ಕಿಗಾಗಿ ಮಾಡಿದ್ದು. ಅಗೇಟ್ ಹಿಡಿದರೆ ಚಕ್ರ ಸವೆಯುತ್ತದೆ, ಕಲ್ಲು ಕಾಯುತ್ತದೆ, ದೂಳು ಏಳುತ್ತದೆ. ಇದೇ ವೇಗದಲ್ಲಿ ಫೆಲ್ಟ್ ಕಟ್ಟಿದರೆ ಪುಡಿಯೆಲ್ಲ ಗೋಡೆಗೆ ಸಿಡಿಯುತ್ತದೆ, ಕಲ್ಲಿಗೆ ಏನೂ ಉಳಿಯುವುದಿಲ್ಲ. ಸಾಣೆಗೆ 1,440 ಸುತ್ತಿನ ಮೋಟರ್ ಸಾಕು. ಹೊಳಪಿಗೆ ಅದರ ಅರ್ಧ ಇದ್ದರೂ ಜಾಸ್ತಿಯೇ. ಮೋಟರ್‌ಗೆ 2 ಇಂಚಿನ ಪುಲ್ಲಿ, ಶಾಫ್ಟ್‌ಗೆ 4 ಇಂಚಿನ ಪುಲ್ಲಿ ಹಾಕಿ ಬೆಲ್ಟ್ ಕಟ್ಟಿದರೆ 1,440 ಇದ್ದದ್ದು 720ಕ್ಕೆ ಇಳಿಯುತ್ತದೆ. ಪಂಪ್‌ಸೆಟ್ ರಿಪೇರಿ ಬಲ್ಲ ಯಾರಾದರೂ ಇದನ್ನು ಕೂಡಿಸಿಕೊಡುತ್ತಾರೆ.

ಪೆನ್ನಿನಂತೆ ಹಿಡಿಯುವ ರೋಟರಿ ಟೂಲ್ ಬಹಳ ಜನ ಮೊದಲು ಕೊಳ್ಳುವ ವಸ್ತು. ಕೆತ್ತನೆಗೆ, ಸಂದಿಗೆ ಅದು ಬೇಕು. ದೊಡ್ಡ ಮುಖಕ್ಕೆ ಬೇಡ. ಅದರ ಪುಟ್ಟ ತುದಿ ಸಣ್ಣಸಣ್ಣ ಕಾಲುವೆ ತೋಡುತ್ತದೆ, ಟ್ಯೂಬ್‌ಲೈಟಿನ ಗೆರೆ ಬಳುಕಿದಾಗ ಕಾರಣ ಹೆಚ್ಚಾಗಿ ಇದೇ.

ಈಗ ಹೇಳುವುದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಈ ಕಲ್ಲುಗಳ ಒಣ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ವಾಸಿಯಾಗುವುದಿಲ್ಲ. ಒಣಗಿದ ಕಲ್ಲಿಗೆ ಸಾಣೆ ಹಿಡಿಯಲೇಬೇಡಿ, ಸದಾ ನೀರಿರಲಿ, ಜೊತೆಗೆ ಎನ್95 ಮಾಸ್ಕ್ ಇರಲಿ. ಕೆಲಸದ ಜಾಗವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ನೀರು ಬಂತು ಅಂದರೆ ಕರೆಂಟಿನ ಭಯವೂ ಬಂತು. ಸಾಮಾನ್ಯ ಆ್ಯಂಗಲ್ ಗ್ರೈಂಡರ್ ನೀರಿನಲ್ಲಿ ಬಳಸುವುದಕ್ಕಲ್ಲ. ನೀರು ಬಳಸುವ ಯಂತ್ರಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಿಂದಲೇ ಕರೆಂಟ್ ಕೊಡಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಟಂಬ್ಲರ್ ಡ್ರಮ್‌ನ ತೊಂದರೆಗಳು

ಡ್ರಮ್‌ನ ದೋಷವನ್ನು ಮೊದಲು ಕಿವಿಯಿಂದ ಹಿಡಿಯಬಹುದು. ಸರಸರ ಅಂತ ಒಂದೇ ಸಮನೆ ಸದ್ದು ಬಂದರೆ ಕಲ್ಲುಗಳು ಜಾರುತ್ತಿವೆ, ಸರಿಯಿದೆ. ಟಕಟಕ ಅಂದರೆ ಕಲ್ಲು ಕಡಿಮೆ, ಒಂದಕ್ಕೊಂದು ಬಡಿದುಕೊಳ್ಳುತ್ತಿವೆ. ಹೀಗೆ ಬಡಿದ ಕಲ್ಲಿನ ಮೇಲೆ ಅರ್ಧಚಂದ್ರದಂಥ ಬಿಳಿ ಗುರುತುಗಳು ಏಳುತ್ತವೆ. ಸದ್ದೇ ಇಲ್ಲದಿದ್ದರೆ ಡ್ರಮ್ ತುಂಬಿಹೋಗಿದೆ ಅಥವಾ ಬೆಲ್ಟ್ ಜಾರುತ್ತಿದೆ. ಮೂರರಲ್ಲಿ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಕಲ್ಲು, ಮೇಲಿನ ಸಾಲಿಗಿಂತ ಸ್ವಲ್ಪ ಕೆಳಗೆ ನೀರು. ದೊಡ್ಡವು, ಸಣ್ಣವು ಎರಡೂ ಇರಲಿ. ಒಂದೇ ಗಡಸುತನದವು ಮಾತ್ರ ಒಟ್ಟಿಗೆ.

ಒರಟು ಹಂತಕ್ಕೆ ವಾರ ಅಂತ ಹೇಳುತ್ತಾರೆ, ಆದರೆ ಕಲ್ಲು ಓದು ಬರದದ್ದು, ಕ್ಯಾಲೆಂಡರ್ ನೋಡುವುದಿಲ್ಲ. ಒಣಗಿಸಿ ನೋಡಿ, ಗುಳಿ ಉಳಿದಿದ್ದರೆ ಅವನ್ನು ಇನ್ನೊಂದು ವಾರ ಹಾಕಿ. ಕರೆಂಟ್ ಹೋದಾಗ ಪುಡಿ ಕೆಳಗೆ ಗಟ್ಟಿಯಾಗಿ ಕೂರುತ್ತದೆ. ಬಹಳ ಹೊತ್ತು ನಿಂತಿದ್ದರೆ ಡ್ರಮ್ ಅನ್ನು ಕೈಯಿಂದ ಹೊರಳಿಸಿ ಸಡಿಲ ಮಾಡಿದ ಮೇಲೆಯೇ ಸ್ವಿಚ್ ಹಾಕಿ, ಇಲ್ಲದಿದ್ದರೆ ಸಣ್ಣ ಮೋಟರ್ ಸುಟ್ಟುಹೋಗಬಹುದು. ಒಳಗೆ ಅನಿಲ ಸೇರುವುದರಿಂದ ದಿನಕ್ಕೊಮ್ಮೆ ಮುಚ್ಚಳ ತೆರೆಯಿರಿ. ಕೆಸರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಸಿಮೆಂಟಿನಂತೆ ಕಟ್ಟುತ್ತದೆ. ಬಕೆಟ್ಟಿನಲ್ಲಿ ತಂಗಲು ಬಿಟ್ಟು, ತಿಳಿನೀರು ಚೆಲ್ಲಿ, ಕೆಸರು ಇನ್ನೂ ಹಸಿ ಇರುವಾಗಲೇ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ.

ಅರಗಿನಿಂದ ಕಲ್ಲು ಕಳಚಿದರೆ

ಸಣ್ಣ ಕಲ್ಲನ್ನು ಹಿಡಿಯಲು ಅನುಕೂಲವಾಗಲಿ ಅಂತ ಕಡ್ಡಿಗೆ ಅರಗಿನಿಂದ ಅಂಟಿಸುತ್ತಾರೆ. ಹಾಗೆ ಅಂಟಿಸಿದ ಕಲ್ಲು ಶುರುವಿನಲ್ಲೇ ಬಿದ್ದರೆ ಅಂಟಿಸುವಾಗ ಕಲ್ಲು ತಣ್ಣಗಿತ್ತು. ಅರಗು ಕಾಯಿಸಿದರೆ ಸಾಲದು, ಕಲ್ಲನ್ನೂ ಬೆಚ್ಚಗೆ ಮಾಡಬೇಕು. ಹೊಳಪಿನ ನಡುವೆ ಬಿದ್ದರೆ ಫೆಲ್ಟ್ ಒಣಗಿ ಕಲ್ಲು ಕಾದಿದೆ. ಕೆಲಸ ಮುಗಿದ ಮೇಲೆ ಬಿಡಿಸಲು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ, ತಾನಾಗಿ ಕಳಚುತ್ತದೆ.

ಹೊಳಪು ಬಂದು ಹೋದರೆ

ನಿನ್ನೆ ಹೊಳೆಯುತ್ತಿದ್ದ ಕಲ್ಲಿನ ಮೇಲೆ ಇವತ್ತು ಬಿಳಿ ಪೊರೆ. ವಿಜಯಪುರ, ಬಾಗಲಕೋಟೆಯ ಬೋರ್‌ವೆಲ್ ನೀರು ಬಳಸುವವರು ಮೊದಲು ನೀರನ್ನೇ ಅನುಮಾನಿಸಿ. ಗಡಸು ನೀರು ಆರಿದಾಗ ಸುಣ್ಣ ಬಿಟ್ಟುಹೋಗುತ್ತದೆ. ಅಗೇಟ್, ಜಾಸ್ಪರ್ ಆದರೆ ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ಕೊನೆಯ ತೊಳೆತಕ್ಕೆ ಫಿಲ್ಟರ್ ನೀರು ಬಳಸಿ. ಸುಣ್ಣದಕಲ್ಲಿಗೆ ಮಾತ್ರ ವಿನೆಗರ್ ತಾಗಿಸಬೇಡಿ, ಪೊರೆಯ ಜೊತೆ ಹೊಳಪೂ ಕರಗುತ್ತದೆ. ಬಿಳಿ ಬಣ್ಣ ಗುಳಿಗಳಲ್ಲಷ್ಟೇ ಇದ್ದರೆ ಅದು ಉಳಿದ ಪಾಲಿಷ್ ಪುಡಿ, ಸೋಪು ಮತ್ತು ಮೆತ್ತನೆ ಬ್ರಷ್ ಸಾಕು.

ಬಿಳಿ ಏನೂ ಇಲ್ಲದೆ ನಾಲ್ಕಾರು ದಿನಕ್ಕೆ ಬರೀ ಮಂಕಾಗುವ ಕಲ್ಲೂ ಇರುತ್ತದೆ. ಕೊಂಡು ತಂದದ್ದಾದರೆ ಎಣ್ಣೆಯೋ ಮೇಣವೋ ಹಚ್ಚಿರಬಹುದು. ಬೆಚ್ಚನೆ ಸೋಪುನೀರಿನಲ್ಲಿ ತೊಳೆದು ಒಣಗಿಸಿ, ಭೂತಗನ್ನಡಿ ಹಿಡಿದು ನೋಡಿ. ಒತ್ತೊತ್ತಾದ ಗೀರು ಕಂಡರೆ 220ರಿಂದ ಮತ್ತೆ ಶುರುಮಾಡಿ. ಬರೀ ಮಂಕಾದರೆ 600ರಿಂದ.